ಹುಣಸೆಹುಳಿಗೆ ಬಿಟ್ಟ ಕಿಲುಬು

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ಕರಾವಳಿಯವನೇ ಆದ ಎಡ್ವರ್ಡ್ ಠಾಣೆಗೆ ಬಂದು ದೂರು ಕೊಟ್ಟ. ದುಬೈಯ ನೈಫ್ ಪೇಟೆಯ ಗಲ್ಲಿಯಲ್ಲಿ ಅವನದು ಹಳೆಯ ಕಲಾವಸ್ತುಗಳ ಅಂಗಡಿ. ಅಲ್ಲಿದ್ದ ಚೀನಾದ ಹಾನ್ ರಾಜವಂಶದ, ಎರಡು ಸಾವಿರ ವರ್ಷ ಹಳೆಯ ಕಂಚಿನ ಕನ್ನಡಿಯನ್ನು ಕೆಲಸದ ಹೆಂಗಸು ಲೋಲಾಕ್ಷಿ ಕದ್ದು, ಆ ಜಾಗದಲ್ಲಿ ಪಳಪಳ ಹೊಳೆಯುವ ಹೊಸದೊಂದನ್ನು ಇಟ್ಟಿದ್ದಾಳೆ ಎಂಬುದು ದೂರಿನ ಸಾರ. ನಮ್ಮಲ್ಲಿ ಎಫ್‌ಐಆರ್ ಎನ್ನುವುದಕ್ಕೆ ದುಬೈಯಲ್ಲಿ ಬೇರೆ ಹೆಸರು. ಹೆಸರು ಯಾವುದಾದರೇನು, ಅದರೊಳಗೆ ಸಿಕ್ಕಿಬಿದ್ದವರ ಪಾಡು ಒಂದೇ.

ತನಿಖೆ ಲೆಫ್ಟಿನೆಂಟ್ ಖಲ್ಫಾನ್‌ನ ಪಾಲಿಗೆ ಬಂತು. ಜೊತೆಗೆ ಇಲಾಖೆಯ ದುಭಾಷಿ, ಭಟ್ಕಳದ ಮುಝಫ್ಫರ್. ಅರಬ್ಬಿಯ ಪ್ರಶ್ನೆಯನ್ನು ಕನ್ನಡಕ್ಕೆ, ಕನ್ನಡದ ಅಳುವನ್ನು ಅರಬ್ಬಿಗೆ ದಾಟಿಸಿ ದಾಟಿಸಿ ಅವನು ಹಣ್ಣಾಗಿದ್ದ. ಊರ ಕಡೆಯವರು ಆರೋಪಿಗಳಾಗಿ ಬಂದು ಕೂತರಂತೂ ಅವನಿಗೆ ಆ ದಿನ ಊಟ ಸೇರುತ್ತಿರಲಿಲ್ಲ.

ಕಾಪು ಕಡೆಯ ಲೋಲಾಕ್ಷಿಗೆ ಐವತ್ತು ದಾಟಿತ್ತು.

"ಕನ್ನಡಿ ಎಲ್ಲಿದೆ ಅಕ್ಕ?" ಮುಝಫ್ಫರ್ ಕೇಳಿದ.

"ಅಲ್ಲೇ ಉಂಟಲ್ಲ ಸಾಯ್ಬ್ರೆ. ನಾನು ಕದಿಲಿಲ್ಲ. ಹುಣಸೆಹುಳಿ ಹಾಕಿ ತಿಕ್ಕಿದ್ದು ಮಾತ್ರ."

ಕೊಳ್ಳುವವರು ಮರುದಿನ ಬರುತ್ತಾರೆ, ಎಲ್ಲ ಚೊಕ್ಕವಾಗಿರಲಿ ಎಂದು ಎಡ್ವರ್ಡ್ ಹೇಳಿ ಹೋಗಿದ್ದನಂತೆ. ಮೇಜಿನ ಮೇಲೆ ತೆಗೆದಿಟ್ಟಿದ್ದ ಕನ್ನಡಿಗೆ ಮೈತುಂಬ ಹಸಿರು ಕಿಲುಬು. ಊರಲ್ಲಿ ದೀಪ, ಹರಿವಾಣ ತಿಕ್ಕಿ ಅಭ್ಯಾಸವಾದ ಕೈ ಸುಮ್ಮನಿದ್ದೀತೇ? ಇಷ್ಟು ಹೇಳಿ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಕಳ್ಳಿ ಎಂದು ಸುದ್ದಿಯಾದರೆ ಮಗಳು ಸುಪ್ರೀತಾ ಗಂಡನ ಮನೆಯಲ್ಲಿ ತಲೆಯೆತ್ತುವ ಹಾಗಿಲ್ಲ, ತನಗೆ ಜೈಲಾದರೂ ಚಿಂತೆಯಿಲ್ಲ ಎಂದಳು. ಮುಝಫ್ಫರ್ ಅದನ್ನೂ ಅರಬ್ಬಿಗೆ ತಿರುಗಿಸಿದ. ಲೆಫ್ಟಿನೆಂಟ್ ತಲೆಯಾಡಿಸಿ ಅವಳನ್ನು ವಶದಲ್ಲಿರಿಸಿದ. ದೂರಿದ್ದ ಮೇಲೆ ಅವನಾದರೂ ಏನು ಮಾಡಿಯಾನು.

ಮಧ್ಯಾಹ್ನ ಅಂಗಡಿಯ ಪಂಚನಾಮೆ ನಡೆಯಿತು. ಹಿಂಬದಿಯ ಅಡುಗೆಮೂಲೆಯಲ್ಲಿ ಹುಣಸೆ ಹಿಪ್ಪೆ ಸಿಕ್ಕಿತು; ಬಕೆಟ್ಟಿನ ತಳದಲ್ಲಿ ಬಣ್ಣದ ಚಕ್ಕೆಗಳಂತೆ ಹಸಿರು ಗಸಿ. ಎಡ್ವರ್ಡ್ ದೂರಿನ ಜೊತೆ ಕೊಟ್ಟಿದ್ದ ಹಳೆಯ ಫೋಟೊವನ್ನು ಮುಝಫ್ಫರ್ ಕನ್ನಡಿಯ ಪಕ್ಕ ಹಿಡಿದ. ಬೆನ್ನಿನ ಮೇಲೆ ನಾಲ್ಕು ದಿಕ್ಕಿನ ನಾಲ್ಕು ಪ್ರಾಣಿಗಳು. ಹುಲಿಯ ಬಾಲದ ಬಳಿ ಅಚ್ಚಿನಲ್ಲೇ ಆದ ಸಣ್ಣ ಸೀಳು ಫೋಟೊದಲ್ಲೂ ಇತ್ತು, ಹೊಳೆಯುವ ಕನ್ನಡಿಯಲ್ಲೂ ಇತ್ತು. ಅಂದರೆ ಅದಲುಬದಲು ಆಗಿಯೇ ಇಲ್ಲ.

ಹಾಗಾದರೆ ಎರಡು ಸಾವಿರ ವರ್ಷದ ವಸ್ತುವನ್ನು ಹೆಂಗಸು ಹಾಳುಮಾಡಿದ್ದಾಳೆ, ನಷ್ಟ ಎಷ್ಟೆಂದು ತಿಳಿಯಲು ಅಬುಧಾಬಿಯ ತಜ್ಞೆಗೆ ಕಳಿಸೋಣ ಎಂದು ಲೆಫ್ಟಿನೆಂಟ್ ಎಡ್ವರ್ಡ್‌ಗೆ ತಿಳಿಸಿದ. ಸಂಜೆಯೊಳಗೆ ಎಡ್ವರ್ಡ್ ಓಡಿಬಂದ. ಪಾಪದ ಹೆಂಗಸು, ದೂರು ವಾಪಸ್ ತೆಗೆದುಕೊಳ್ಳುತ್ತೇನೆ, ವೀಸಾ ರದ್ದು ಮಾಡಿ ಊರಿಗೆ ಕಳಿಸಿದರೆ ಖಲಾಸ್ ಎಂದ. ಬೆಳಿಗ್ಗೆ ಹಲ್ಲು ಕಡಿಯುತ್ತಿದ್ದವನಿಗೆ ಸಂಜೆಗೆ ಇಷ್ಟು ಕರುಣೆ ಎಲ್ಲಿಂದ ಉಕ್ಕಿತು? ಮುಝಫ್ಫರ್ ಲೆಫ್ಟಿನೆಂಟ್‌ನ ಮುಖ ನೋಡಿದ. ಬುಧವಾರ ಬೆಳಿಗ್ಗೆ ಕನ್ನಡಿ, ಬಕೆಟ್ಟಿನ ಗಸಿಯ ಜೊತೆ ಇಬ್ಬರೂ ಅಬುಧಾಬಿಯ ಹೆದ್ದಾರಿಯಲ್ಲಿದ್ದರು.

ತಜ್ಞೆ ಸುಸನ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. ಗೋರಿಯ ಕತ್ತಲಲ್ಲಿ ಬೆಳಕಾಗಲಿ ಎಂದು ಹಾನ್ ಕಾಲದವರು ಸತ್ತವರ ಜೊತೆ ಇಂಥ ಕನ್ನಡಿ ಹೂಳುತ್ತಿದ್ದರು ಎಂದು ವಿವರಿಸಿದಳು. ಮಣ್ಣಿನ ಕಿಲುಬು ಲೋಹವನ್ನೇ ತಿನ್ನುತ್ತದೆ. ಹುಳಿ ಹಾಕಿ ತೆಗೆದರೂ ತಿಂದ ಗುಂಡಿಗಳು ಉಳಿಯುತ್ತವೆ. ಇದರ ಮೈಯಲ್ಲಿ ಒಂದು ಗುಂಡಿಯೂ ಇಲ್ಲ. ಗಸಿಯಲ್ಲಿರುವುದು ಅಂಟಿನಲ್ಲಿ ಕಲಸಿದ ಬಣ್ಣ. ಕನ್ನಡಿಗೆ ಹತ್ತು ವರ್ಷವೂ ಆಗಿರಲಿಕ್ಕಿಲ್ಲ.

ಗುರುವಾರ ಎಡ್ವರ್ಡ್‌ನ ಬಂಧನವಾಯಿತು. ನಕಲಿ ಮಾರಲು ಹೊರಟದ್ದು ಒಂದು, ಸುಳ್ಳು ದೂರು ಇನ್ನೊಂದು.

"ನಕಲಿ ಅಂತ ಯಾವಾಗ ಗೊತ್ತಾಯ್ತು?" ಮುಝಫ್ಫರ್ ಕೇಳಿದ.

"ತಗೊಂಡ ಮರುವರ್ಷವೇ. ಇಡೀ ಊರು ನನ್ನ ಹತ್ರ ತಂದು ಕೇಳ್ತಿತ್ತು, ಅಸಲಿಯಾ ನಕಲಿಯಾ ಅಂತ. ಬಣ್ಣ ಹೋದ ಕನ್ನಡಿ ತೋರಿಸಿ ನಾನೇ ಮೋಸಹೋದೆ ಅಂತ ಹೇಗೆ ಹೇಳುದು?"

"ಅದಕ್ಕೆ ಅವಳನ್ನು ಕಳ್ಳಿ ಮಾಡಿದ್ದಾ?"

ಎಡ್ವರ್ಡ್‌ಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ಅವಳಿಗೆ ಹೋಗ್ಲಿಕ್ಕೆ ಎಂತ ಹೆಸರುಂಟು?"

ಏನಂದ ಎಂದು ಲೆಫ್ಟಿನೆಂಟ್ ಕೇಳಿದ. ಮುಝಫ್ಫರ್ ಒಂದು ಅಕ್ಷರ ಬಿಡದೆ ಹೇಳಿ ಬರೆಸಿದ.

ಲೋಲಾಕ್ಷಿಯನ್ನು ಬಿಟ್ಟರು. ಕೆಲಸ ಕೊಟ್ಟವನೇ ಒಳಗೆ ಹೋದ ಮೇಲೆ ವೀಸಾ ಉಳಿಯುವ ಮಾತಿರಲಿಲ್ಲ. ಅದನ್ನು ಹೇಳಿದಾಗ ಅವಳು ಆಯ್ತು ಎಂದಳಷ್ಟೆ. ಕಳ್ಳಿ ಎಂಬ ಸುದ್ದಿ ಆಗಲೇ ಯಾರದೋ ವಾಟ್ಸಾಪಿನಲ್ಲಿ ಊರು ಮುಟ್ಟಿತ್ತು. ಅವಳು ಮಗಳ ನಂಬರ್ ಒತ್ತಿ ಫೋನನ್ನು ಮುಝಫ್ಫರ್‌ನ ಕೈಗೆ ಕೊಟ್ಟಳು.

"ನಾನು ಹೇಳಿದ್ರೆ ಅವರು ನಂಬುದಿಲ್ಲ. ಪೊಲೀಸಿನವರು ನೀವು ಹೇಳಿ."

ಅವನು ಸುಪ್ರೀತಾಳಿಗೆ ಸ್ಪೀಕರ್ ಹಾಕಲು, ಅತ್ತೆ ಮಾವನನ್ನೂ ಹತ್ತಿರ ಕರೆಯಲು ಹೇಳಿದ. ಆಮೇಲೆ ನಿಧಾನವಾಗಿ, ಹೇಳಿಕೆ ಓದುವವನಂತೆ, "ನಾನು ದುಬೈ ಪೊಲೀಸ್ ಕಡೆಯಿಂದ ಮಾತಾಡುದು. ಲೋಲಾಕ್ಷಿ ಕದ್ದಿಲ್ಲ" ಎಂದ. ಎಲ್ಲರಿಗೂ ಕೇಳಿಸಲಿ ಎಂದು ಅವನು ಇನ್ನೊಮ್ಮೆ ಹೇಳಿದ.