ಕಾಲುವೆಗೆ ಬಿದ್ದ ಕೆಂಪು ಕಾರು

ಡಿಸೆಂಬರ್ ಒಂಬತ್ತರ ಮಧ್ಯಾಹ್ನ, ಇನ್‌ಸ್ಪೆಕ್ಟರ್ ಸಿದ್ದಲಿಂಗೇಶ್ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಸರಿಯಾಗಿ, ಜಯಶ್ರೀ ಕುರುಗೋಡು ಠಾಣೆಯ ಮೆಟ್ಟಿಲು ಹತ್ತಿದಳು. ಹಿಂದಿನ ದಿನ ಸಿನಿಮಾ ಶೂಟಿಂಗ್‌ನಲ್ಲಿ ಕಾರಿನ ಸಮೇತ ಕಾಲುವೆಗೆ ಬಿದ್ದು ಸತ್ತ ಫೈಟರ್ ಸಮ್ರಾಟನ ತಂಗಿ. ಜೊತೆಗೆ ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಒಬ್ಬರು ಬಂದಿದ್ದರು. ಅವರು ಮರಿಬಸಪ್ಪ. ಆ ಸಿನಿಮಾದ ಫೈಟ್ ಮಾಸ್ಟರ್, ಬಳ್ಳಾರಿಯಲ್ಲಿ ಕೋಟೆ ಗುಡ್ಡದ ಕೆಳಗೆ ಕರಾಟೆ ಶಾಲೆ ನಡೆಸುವವರು. ಅಪ್ಪ ಅಮ್ಮ ಇಲ್ಲದ ಈ ಅಣ್ಣ ತಂಗಿ ಅವರ ಮನೆಯ ಅನ್ನ ತಿಂದೇ ದೊಡ್ಡವರಾದದ್ದು.

ಸಿದ್ದಲಿಂಗೇಶ್ ಡಬ್ಬಿ ಮುಚ್ಚಿಟ್ಟರು.

"ಆಕಸ್ಮಿಕ ಸಾವು ಅಂತ ನಿನ್ನೇನ ಬರ್ಕೊಂಡೀವಲ್ಲ ತಂಗಿ. ಸಿನಿಮಾದವ್ರೇ ಬಂದು ಹೇಳಿಕಿ ಕೊಟ್ಟಾರ."

"ಆಕಸ್ಮಿಕ ಅಲ್ರಿ ಸರ್. ಬ್ರೇಕ್ ಹಿಡದಿಲ್ಲ. ಕಣ್ಣು ಕಟ್ಟಿ ಬಿಟ್ರೂ ಗಾಡಿ ನಿಲ್ಲಿಸ್ತಿದ್ದ ನಮ್ಮಣ್ಣ."

"ಯಾರ ಮ್ಯಾಲೆ ಅನುಮಾನ?"

"ಗಾಡಿ ರೆಡಿ ಮಾಡಿದ ಮೆಕ್ಯಾನಿಕ್ ಮ್ಯಾಲೆ. ಸಿರುಗುಪ್ಪದ ಗಾದಿಲಿಂಗಪ್ಪ. ಸಿನಿಮಾದ ಮ್ಯಾನೇಜರ್ ಹೇಳಿದ್ರು, ಅವಂದೇ ತಪ್ಪಂತ."

"ನೀವೇನಂತೀರಿ ಮಾಸ್ಟರ್?"

ಮರಿಬಸಪ್ಪ ಜಯಶ್ರೀಯ ಕಡೆ ನೋಡಿದರು. ಅವಳು ಅವರ ಕೈ ಹಿಡಿದುಕೊಂಡೇ ದೂರಿಗೆ ಸಹಿ ಮಾಡಿದಳು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪದಡಿ ಗಾದಿಲಿಂಗಪ್ಪನ ಹೆಸರಿಗೆ ಎಫ್‌ಐಆರ್ ಆಯಿತು.

ಸಿನಿಮಾ ಎಂದರೆ ಸಿದ್ದಲಿಂಗೇಶರಿಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಕಾರು ಹಾರುತ್ತದೆ, ಹೀರೋ ಅದರ ಬಾನೆಟ್ ಮೇಲೆ ನಿಂತು ಹತ್ತು ಜನರಿಗೆ ಒದೆಯುತ್ತಾನೆ, ಕೊನೆಯಲ್ಲಿ ಪೊಲೀಸರು ಬಂದು ಹೆಣ ಎಣಿಸುತ್ತಾರೆ. ಈ ಸಲ ಎಣಿಸುವ ಕೆಲಸ ನಿಜವಾಗಿಯೂ ತಮ್ಮ ಪಾಲಿಗೇ ಬಂದಿದೆಯಲ್ಲ ಎಂದು ಗೊಣಗುತ್ತ ಜೀಪು ಹತ್ತಿದರು.

ಬಳ್ಳಾರಿಯ ಶವಾಗಾರದಲ್ಲಿ ಸಮ್ರಾಟ ಹೀರೋನ ಕೆಂಪು ಜಾಕೆಟ್ ತೊಟ್ಟೇ ಮಲಗಿದ್ದ. ಹೀರೋನಂತೆ ಕಾಣಲು ಹಾಕಿದ್ದ ವಿಗ್ ಒದ್ದೆಯಾಗಿ ಹಣೆಗೆ ಅಂಟಿಕೊಂಡಿತ್ತು. ಎರಡೂ ಮಣಿಕಟ್ಟಿಗೆ ಬಿಳಿ ಟೇಪ್ ಬಿಗಿದಿತ್ತು. ನೀರಲ್ಲಿ ನೆನೆದ ಟೇಪನ್ನು ಕತ್ತರಿಸಬೇಕಾಗುತ್ತದೇನೋ ಎಂದು ವೈದ್ಯರು ಕತ್ತರಿ ಹುಡುಕಿದರು. ಬೇಕಾಗಲಿಲ್ಲ. ತುದಿಯನ್ನು ಒಳಕ್ಕೆ ಮಡಚಿ ಸಣ್ಣ ಕಿವಿಯಂತೆ ಬಿಟ್ಟಿದ್ದರಿಂದ ಒಂದೇ ಎಳೆತಕ್ಕೆ ಸರ್ರನೆ ಬಿಚ್ಚಿಕೊಂಡಿತು. ಶವದ ಪಂಚನಾಮೆ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಹುಲುಗೇಶ, ಟೇಪ್ ಬಿಚ್ಚುವುದೆಂದರೆ ತನಗೆ ಉಗುರೇ ಕಿತ್ತು ಬರುತ್ತದೆ ಎಂದ.

ಸಂಜೆಯೊಳಗೆ ಕ್ರೇನ್ ತರಿಸಿ ಕಾರನ್ನು ಮೇಲೆತ್ತಿದರು. ಜಾಗ ಕುರುಗೋಡಿನಿಂದ ಸಿರುಗುಪ್ಪದ ಕಡೆಗೆ, ಇನ್ನೂ ಸಂಚಾರಕ್ಕೆ ಬಿಡದ ಹೊಸ ರಸ್ತೆ. ಕಾರು ಬಂದು ನಿಲ್ಲಬೇಕಿದ್ದ ಜಾಗಕ್ಕೆ ಸುಣ್ಣದ ಗೆರೆ ಎಳೆದಿದ್ದರು. ಅದರಾಚೆ ಯಾವುದಕ್ಕೂ ಇರಲಿ ಎಂದು ಭತ್ತದ ಹುಲ್ಲಿನ ಒಂದು ದೊಡ್ಡ ಬಣವೆ, ಅದರಾಚೆ ಕಾಲುವೆ. ಕಾರು ಬಣವೆಯನ್ನು ಸೀಳಿಕೊಂಡು ಹೋಗಿತ್ತು. ಗೆರೆಯ ಬಳಿ ಹಿಂದಿನ ಎರಡು ಟೈರು ಅಡ್ಡಡ್ಡ ಎಳೆದ ಗುರುತಷ್ಟೇ ಇತ್ತು. ಕಾಲಿನ ಬ್ರೇಕ್ ಹಿಡಿಯದೆ, ಸಮ್ರಾಟನ ಕೈಗೆ ಸಿಕ್ಕಿದ್ದು ಹ್ಯಾಂಡ್ ಬ್ರೇಕ್ ಒಂದೇ.

ವಾಹನ ತಪಾಸಣೆಗೆ ಬಂದ ಅಧಿಕಾರಿ ಕಾರಿನಡಿ ತೂರಿ ಹೊರಬಂದು, "ಮುಂದಿನ ಎರಡೂ ಬ್ರೇಕ್ ಪೈಪ್ ಸೀಳ್ಯಾವ್ರಿ. ಮ್ಯಾಲೆ ಕರಿ ಟೇಪ್ ಸುತ್ಯಾರ. ಮೆಲ್ಲಕ ಒತ್ತಿದ್ರ ಹಿಡೀತೈತಿ, ಜೋರು ಒತ್ತಿದ್ರ ಸಿಡೀತೈತಿ" ಅಂದರು. ಹಳೆಯ ಪೈಪಿಗೆ ಮೆಕ್ಯಾನಿಕ್ ತೇಪೆ ಹಾಕಿದ್ದಾನೆ ಎಂದು ಪಂಚರಿಂದ ಹಿಡಿದು ಟೀ ತಂದವನವರೆಗೆ ಎಲ್ಲರೂ ತೀರ್ಪು ಕೊಟ್ಟುಬಿಟ್ಟರು.

ಗಾದಿಲಿಂಗಪ್ಪನನ್ನು ಕರೆಸಿದರು.

"ಪೈಪ್ ಹೊಸಾವೋ ಹಳೇವೋ?"

"ಹೊಸಾವ್ರಿ ಸರ್. ಬಳ್ಳಾರಿಯಿಂದ ನಾನೇ ತಂದು ಹಾಕೀನಿ."

"ಟೇಪ್?"

"ಬ್ರೇಕ್ ಪೈಪಿಗೆ ಟೇಪ್ ಸುತ್ತಿದ್ರ ನಿಲ್ಲತೈತೇನ್ರಿ ಸರ್? ಎಷ್ಟು ಕುಡದಿದ್ರೂ ಆ ಕೆಲಸ ಯಾರೂ ಮಾಡಂಗಿಲ್ಲ."

"ಗಾಡಿ ಯಾವಾಗ ಒಪ್ಪಿಸಿದಿ?"

"ಶೂಟಿಂಗಿನ ಹಿಂದಿನ ದಿನ ಸಂಜಿಕ. ಮಾಸ್ಟರ್ ಹುಡುಗ್ರು ಓಡಿಸಿ ನೋಡಿ, ಚಲೋ ಐತಿ ಅಂದ್ರು."

ಹೊರಗೆ ಅವನ ಹೆಂಡತಿ ಚನ್ನಬಸಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. "ಹೆಣ ಬಿದ್ದೈತಿ, ಯಾರ ತಲಿಗಾದ್ರೂ ಕಟ್ಟಬೇಕಲ್ರಿ. ನಮ್ಮ ಮನಿಯವ್ರ ತಲಿನೇ ಸಸಾರ ಸಿಕ್ತು" ಎಂದು ಯಾರಿಗೂ ಅಲ್ಲ, ಗೋಡೆಗೆ ಹೇಳಿದಳು. ಆ ಮಾತು ಸಿದ್ದಲಿಂಗೇಶರಿಗೆ ಚುಚ್ಚಿತು. ಯಾಕೆಂದರೆ ಅದೇ ಹೊತ್ತಿಗೆ ನಿರ್ಮಾಪಕರ ಕಡೆಯವರಿಂದ ಫೋನಿನ ಮೇಲೆ ಫೋನು ಬರುತ್ತಿತ್ತು. ಪೈಪ್ ಒಡೆಯುತ್ತದೆ ಎಂದು ಗೊತ್ತಿದ್ದೂ ತೇಪೆ ಹಾಕಿದ ಎಂದರೆ ಬರೀ ನಿರ್ಲಕ್ಷ್ಯ ಹೇಗಾಗುತ್ತದೆ, ಕಲಂ ಬದಲಾಯಿಸಿ ಒಳಗೆ ಹಾಕಿ, ನಾವೂ ಶೂಟಿಂಗ್ ಮುಗಿಸಿಕೊಂಡು ಹೋಗುತ್ತೇವೆ ಎಂಬ ರಾಗ. ಆ ಕಲಂ ಬಿದ್ದರೆ ಠಾಣೆಯಲ್ಲಿ ಜಾಮೀನಿಲ್ಲ. ಗಾದಿಲಿಂಗಪ್ಪ ನೇರ ಬಳ್ಳಾರಿ ಜೈಲಿಗೆ.

ಮರುದಿನ ಬೆಳಿಗ್ಗೆ ಸಿದ್ದಲಿಂಗೇಶ್ ಜಪ್ತಿ ಮಾಡಿದ ಪೈಪಿನ ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸೀಳು ನೇರವಾಗಿತ್ತು, ಬ್ಲೇಡಿನದು. ಕರಿ ಟೇಪ್ ನೀಟಾಗಿ ಸುತ್ತಿತ್ತು. ಕೊನೆಯಲ್ಲಿ ತುದಿಯನ್ನು ಒಳಕ್ಕೆ ಮಡಚಿ ಸಣ್ಣ ಕಿವಿ ಬಿಟ್ಟಿದ್ದರು. ಎರಡೂ ಪೈಪಿನಲ್ಲಿ ಹಾಗೇ.

ಅವರು ಅವನ್ನು ಮೇಜಿನ ಮೇಲಿಟ್ಟರು. ಎಂದೂ ಬಿಚ್ಚಿಕೊಳ್ಳಬಾರದು ಎಂದು ಸುತ್ತುವ ಟೇಪಿಗೆ ಬಿಚ್ಚುವ ಅನುಕೂಲ ಯಾಕೆ? ಮೆಕ್ಯಾನಿಕ್ ಆದವನು ತುದಿಯನ್ನು ಹೆಬ್ಬೆರಳಲ್ಲಿ ತಿಕ್ಕಿ ಅಂಟಿಸುತ್ತಾನೆ. ಶವಾಗಾರದಲ್ಲಿ ವೈದ್ಯರ ಕೈಗೆ ಸರ್ರನೆ ಬಂದ ಬಿಳಿ ಟೇಪು ಅವರ ಕಣ್ಣಮುಂದೆ ಬಂತು.

ಹುಲುಗೇಶನನ್ನು ಕರೆದುಕೊಂಡು ಶೂಟಿಂಗ್ ತಂಡ ಉಳಿದಿದ್ದ ಬಳ್ಳಾರಿಯ ಲಾಡ್ಜಿಗೆ ಹೋದರು. ಫೈಟರ್ ಓಬಣ್ಣ ಸಿಕ್ಕ. ಸಮ್ರಾಟನ ಜೊತೆಗೇ ಕಲಿತವನು.

"ಕೈಗೆ ಟೇಪ್ ಕಟ್ಟಿದಾಗ ತುದಿ ಯಾಕ ಮಡಚ್ತೀರಿ?"

"ಹೊಡದಾಟದಾಗ ಕೈ ಊದತಾವಲ್ರಿ, ಆಗ ಉಗುರು ಹಾಕಾಕ ಬರಂಗಿಲ್ಲ. ಮಡಚಿದ್ರ ಒಂದೇ ಎಳತಕ್ಕ ಬರತೈತಿ. ಮಾಸ್ಟರ್ ಕಲಿಸಿದ್ದು. ಈಗ ಏನರ ಸುತ್ತಿದ್ರೂ ಕೈ ತಾನ ಮಡಚ್ತೈತಿ, ನಮಗ ಗೊತ್ತೂ ಆಗಂಗಿಲ್ಲ."

"ಹಿಂಗ ಮಡಚಾವ್ರು ಎಷ್ಟು ಮಂದಿ ಅದೀರಿ?"

"ಮಾಸ್ಟರ್ ಕಡೆಯಾವ್ರು ಎಲ್ಲಾರೂ."

"ನಿಮ್ಮೊಳಗ ಸಮ್ರಾಟನ ಮ್ಯಾಲೆ ಸಿಟ್ಟು ಯಾರಿಗಿತ್ತು?"

"ಸಮ್ರಾಟನ ಮ್ಯಾಲ?" ಓಬಣ್ಣ ಕಣ್ಣು ಒರೆಸಿಕೊಂಡ. "ಅವನ ಮ್ಯಾಲೆ ಸಿಟ್ಟು ಮಾಡಾಕ ಯಾರಿಗೂ ಬರತಿರಲಿಲ್ಲ ಸರ್. ಅವತ್ತು ಅಂವ ಗಾಡಿ ಹತ್ತೋದೇ ಇರಲಿಲ್ಲ. ಸುಮ್ನ ಹೋಗಿ ಸತ್ತ."

ಸಿದ್ದಲಿಂಗೇಶ್ ತಲೆ ಎತ್ತಿದರು. "ಹತ್ತೋದು ಇರಲಿಲ್ಲಂದ್ರ?"

ಓಬಣ್ಣ ಮಾತು ಹಾರಿಸಿ, "ಅವತ್ತು ಟಿವಿಯವ್ರು ಬಂದಿದ್ರಲ್ರಿ, ಮ್ಯಾನೇಜರನ್ನ ಕೇಳ್ರಿ" ಅಂದ.

ಪ್ರೊಡಕ್ಷನ್ ಮ್ಯಾನೇಜರನ್ನು ಅದೇ ಲಾಡ್ಜಿನ ಕೋಣೆಯಲ್ಲಿ ಕೂರಿಸಿದರು.

"ಅವತ್ತು ಟಿವಿಯವ್ರನ್ನ ಯಾಕ ಕರದಿದ್ರಿ?"

"ಪಬ್ಲಿಸಿಟಿಗೆ ಸಾರ್."

"ಏನು ತೋರಸಾಕ?"

"ಹೀರೋ... ಡೂಪ್ ಇಲ್ದೆ ತಾವೇ ಓಡಿಸ್ತಾರೆ ಅಂತ."

"ಮತ್ತ ಒಳಗ ಸಮ್ರಾಟ ಹೆಂಗ ಬಂದ?"

ಮ್ಯಾನೇಜರ್ ನೀರು ಕುಡಿದ. ಬೆಳಿಗ್ಗೆ ಹೀರೋಗೆ ಕಾಲುವೆ ನೋಡಿ ಎದೆ ಹೊಡೆದುಕೊಂಡಿತಂತೆ. ಟಿವಿಯವರು ಆಗಲೇ ಬಂದು ಕೂತಿದ್ದರು. ಹೆಲ್ಮೆಟ್ಟು, ವಿಗ್ಗು, ಜಾಕೆಟ್ಟು ಹಾಕಿದರೆ ದೂರದಿಂದ ಯಾರಿಗೆ ಗೊತ್ತಾಗುತ್ತದೆ? ಕಾರು ಹೊರಡುವ ತುದಿಯಲ್ಲಿ, ವ್ಯಾನಿನ ಮರೆಯಲ್ಲಿ ಸಮ್ರಾಟನನ್ನು ಕೂರಿಸಿದರು.

"ಮಾಸ್ಟರಿಗೆ ಹೇಳಿದ್ರಾ?"

"ಇಲ್ಲ ಸಾರ್. ಅವರು ಆ ತುದೀಲಿ, ಕ್ಯಾಮೆರಾ ಹತ್ರ ಇದ್ರು. ಹೇಳಿದ್ರೆ ಟಿವಿಯವರ ಮುಂದೇನೇ ಕೂಗಾಡಿಬಿಡ್ತಾರೆ ಅಂತ..."

ಅಲ್ಲಿಗೆ ಕೇಸು ತಲೆಕೆಳಗಾಯಿತು. ಇಷ್ಟು ಹೊತ್ತು ಸಮ್ರಾಟನಿಗೆ ಶತ್ರು ಯಾರೆಂದು ಹುಡುಕಿದ್ದೇ ತಪ್ಪು. ಪೈಪು ಸೀಳಿದವನ ಲೆಕ್ಕದಲ್ಲಿ ಆ ಸೀಟಿನಲ್ಲಿ ಕೂರಬೇಕಾದವನು ಬೇರೆ.

ಶೂಟಿಂಗ್‌ನ ಅಷ್ಟೂ ದೃಶ್ಯಗಳನ್ನು ಜಪ್ತಿ ಮಾಡಿ, ಠಾಣೆಯ ಕಂಪ್ಯೂಟರಿಗೆ ಹಾಕಿಸಿ ನೋಡಿದರು. ಕೆಂಪು ಕಾರು ದೂರದಲ್ಲಿ ಚುಕ್ಕಿಯಾಗಿ ಕಾಣಿಸುತ್ತದೆ. ಟಿವಿಯವರು, ಲೈಟಿನವರು, ಹೊಲದಿಂದ ನೋಡಲು ಬಂದ ಜನ, ಎಲ್ಲರೂ ಶಿಳ್ಳೆ ಹೊಡೆಯುತ್ತಿದ್ದಾರೆ. ಕಾರು ಇನ್ನೂ ಗೆರೆಯಿಂದ ಬಹಳ ದೂರವಿದೆ, ಯಾರೂ ಬ್ರೇಕ್ ಒತ್ತಿಲ್ಲ. ಆ ಹೊತ್ತಿಗೆ ಕ್ಯಾಮೆರಾದ ಮಗ್ಗುಲಿಂದ ಒಬ್ಬರು ಕಿರುಚಿಕೊಂಡು ರಸ್ತೆಯ ನಡುಮಧ್ಯಕ್ಕೆ ಓಡುತ್ತಾರೆ. ಎರಡೂ ಕೈ ಎತ್ತಿ ಬೀಸುತ್ತಾರೆ. ಲೈಟಿನವನೊಬ್ಬ ಅವರ ಸೊಂಟ ಹಿಡಿದು ಪಕ್ಕಕ್ಕೆ ಎಳೆಯುತ್ತಾನೆ. ಕಾರು ಅವರನ್ನು ದಾಟಿದ ಮೇಲೆ ಅದರ ಹಿಂದಿನ ದೀಪ ಕೆಂಪಗೆ ಹತ್ತುತ್ತದೆ.

"ಬ್ರೇಕ್ ಒತ್ತಾಕ ಮುಂಚೇನ ಬ್ರೇಕ್ ಇಲ್ಲಂತ ಇವ್ರಿಗೆ ಹೆಂಗ ಗೊತ್ತಾತ್ರಿ ಸರ್?" ಅಂದ ಹುಲುಗೇಶ.

ಸಿದ್ದಲಿಂಗೇಶ್ ದೃಶ್ಯವನ್ನು ಅಲ್ಲೇ ನಿಲ್ಲಿಸಿದರು. ಪರದೆಯ ಮೇಲಿದ್ದವರು ಮರಿಬಸಪ್ಪ.

ಕರಾಟೆ ಶಾಲೆ ಖಾಲಿಯಿತ್ತು. ಗೋಡೆಯ ಪಟಗಳ ಕೆಳಗೆ ಮರಿಬಸಪ್ಪ ಒಬ್ಬರೇ ಚಾಪೆಗಳನ್ನು ಸುತ್ತಿಡುತ್ತಿದ್ದರು. ಪೊಲೀಸರನ್ನು ಕಂಡು ಕೈ ಒರೆಸಿಕೊಂಡು, "ಬರ್ರಿ" ಅಂದರು. ಬರುತ್ತಾರೆಂದು ಕಾಯುತ್ತಿದ್ದವರ ದನಿ ಅದು.

"ಮಾಸ್ಟರ್, ಗಾಡಿ ಇನ್ನೂ ದೂರ ಇದ್ದಾಗ ನೀವು ಯಾಕ ಓಡಿದ್ರಿ?"

ಮರಿಬಸಪ್ಪ ಚಾಪೆಯ ಮೇಲೆ ಕೂತರು.

"ಸದ್ದು ಕೇಳಿಸ್ತ್ರಿ. ಹಂಗ ಗೇರ್ ಎಳಿಯಾಕ ಆ ಹೀರೋಗ ಬರಂಗಿಲ್ಲ. ಅದು ನಾ ಕಲಿಸಿದ ಕೈ."

"ಹೀರೋನ್ನ ಕೊಲ್ಲಬೇಕಂತ ಮಾಡಿದ್ರಾ?"

"ಇಲ್ರಿ. ಹಿಂದಿನ ರಾತ್ರಿ ಪೈಪ್ ಸೀಳಿ ಟೇಪ್ ಸುತ್ತಿದ್ದು ನಾನ, ಖರೆ. ಆದ್ರ ಅಂವ ನಲವತ್ತರ ಮ್ಯಾಲೆ ಓಡಿಸಾಂವ ಅಲ್ಲ. ಬ್ರೇಕ್ ಹಿಡೀಲಿಲ್ಲಂದ್ರ ಹೋಗಿ ಹುಲ್ಲಿನ ಬಣವ್ಯಾಗ ಸಿಗಿಬೀಳತಿದ್ದ. ಟಿವಿಯವ್ರು ನಗತಿದ್ರು. ಅಷ್ಟ ಬೇಕಾಗಿತ್ತು ನನಗ. ಸಮ್ರಾಟ ಬಂದ, ಅವನ ಸ್ಪೀಡಿನ್ಯಾಗ ಬಂದ."

"ಹೀರೋ ನಿಮಗೇನು ಮಾಡಿದ್ದ?"

"ನನಗೇನಿಲ್ರಿ." ಮರಿಬಸಪ್ಪ ತಮ್ಮ ಅಂಗೈಗಳನ್ನು ನೋಡಿಕೊಂಡರು. "ಹೋದ ಸಿನಿಮಾದಾಗ ಸಮ್ರಾಟನ ಭುಜ ಮುರೀತು. ಅದರ ಫಂಕ್ಷನ್ನು ಇಲ್ಲೇ ಬಳ್ಳಾರ್ಯಾಗ ಆತು. ಹೀರೋ ಸ್ಟೇಜಿನ ಮ್ಯಾಲೆ ನಿಂತು, ನನಗೆ ಡೂಪೇ ಇಲ್ಲ, ಎಲ್ಲಾ ನಾನೇ ಮಾಡಿದ್ದು ಅಂದ. ಮಂದಿ ಚಪ್ಪಾಳಿ ಹೊಡದ್ರು. ಸಮ್ರಾಟ ನನ್ನ ಬಾಜೂಕ ಕುಂತಿದ್ದ. ಒಂದು ಕೈ ಕೊರಳಿಗೆ ಕಟ್ಟಿತ್ತು, ಚಪ್ಪಾಳಿ ಹೊಡಿಯಾಕ ಬರಲಿಲ್ಲ. ಇನ್ನೊಂದು ಕೈಲಿಂದ ತೊಡಿ ತಟ್ಟಿದ, ನಕ್ಕೊಂತ. ಅವನಿಗೆ ಸಿಟ್ಟೇ ಬರಲಿಲ್ರಿ ಸರ್. ನನಗ ಬಂತು."

ಸಿದ್ದಲಿಂಗೇಶರಿಗೆ ಆ ಮನುಷ್ಯನ ಮೇಲೆ ಮರುಕ ಬಂತು, ಬಂದದ್ದಕ್ಕೇ ತಮ್ಮ ಮೇಲೆ ಸಿಟ್ಟೂ ಬಂತು.

"ಏನೂ ತಪ್ಪು ಮಾಡದ ಗಾದಿಲಿಂಗಪ್ಪ ನಿಮ್ಮ ಸಲುವಾಗಿ ಜೈಲಿಗೆ ಹೋಗಾಂವ ಇದ್ದ. ಅವನ ಹೇಂತಿ ಠಾಣೆ ಬಾಗಿಲಾಗ ನಿಂತಾಳ. ಅದು ಕಾಣಲಿಲ್ಲೇನು ನಿಮಗ?"

"ಕಂಡಿತ್ರಿ. ಮದ್ಲ ದಿನ ಹೇಳಾಕಂತನ ಬಂದಿದ್ದೆ. ಆ ಹುಡುಗಿ ನನ್ನ ಕೈ ಹಿಡ್ಕೊಂಡು ಕುಂತಳು. ಬಾಯಿ ಬರಲಿಲ್ಲ."

ಬಂಧನದ ಕಾರಣ ಓದಿ ಹೇಳಿ, ಸಹಿ ಪಡೆದು ಜೀಪಿಗೆ ಹತ್ತಿಸಿದರು. ಓಡಿಹೋಗುವ ಮನುಷ್ಯನಲ್ಲ ಎಂದು ಕೈಗೆ ಬೇಡಿ ಹಾಕಿಸಲಿಲ್ಲ. ಬಳ್ಳಾರಿ ದಾಟಿ ಕುರುಗೋಡಿನವರೆಗೂ ಮರಿಬಸಪ್ಪ ತಲೆ ಎತ್ತಲಿಲ್ಲ. ಸಿದ್ದಲಿಂಗೇಶ್ ತಮ್ಮ ಸರ್ವೀಸಿನಲ್ಲಿ ಜಮೀನಿಗೆ ಕೊಂದವರನ್ನು, ಕುಡಿದು ಕೊಂದವರನ್ನು, ಹಗೆಗೆ ಕೊಂದವರನ್ನು ಇದೇ ಸೀಟಿನಲ್ಲಿ ಕೂರಿಸಿಕೊಂಡು ಬಂದಿದ್ದರು. ಮಗನಂಥವನಿಗೆ ಆದ ಅವಮಾನ ತಡೆಯಲಾರದೆ ಆ ಮಗನನ್ನೇ ಕೊಂದುಕೊಂಡವನನ್ನು ಕರೆತರುವುದು ಇದೇ ಮೊದಲು.

ವಿಚಾರಣೆಗೆಂದು ಠಾಣೆಯಲ್ಲೇ ಕೂರಿಸಿಕೊಂಡಿದ್ದ ಗಾದಿಲಿಂಗಪ್ಪನಿಗೆ ಮನೆಗೆ ಹೋಗಲು ಮೊದಲೇ ಫೋನಿನಲ್ಲಿ ಹೇಳಿಸಿದ್ದರು. ಅವನಿಗೆ ಕೂಡಲೇ ಅರ್ಥವಾಗಲಿಲ್ಲ. ಚನ್ನಬಸಮ್ಮ ಅವನ ರಟ್ಟೆ ಹಿಡಿದು, ಹಿಂದಿರುಗಿ ನೋಡದೆ, ಸಿರುಗುಪ್ಪದ ಬಸ್ಸಿನ ಕಡೆಗೆ ಎಳೆದುಕೊಂಡೇ ಹೋದಳು.

ಬೆಂಚಿನ ಮೇಲೆ ಕೂತಿದ್ದ ಜಯಶ್ರೀ ಜೀಪು ಕಂಡು ಎದ್ದು ಬಂದಳು. ಇನ್‌ಸ್ಪೆಕ್ಟರ ಜೊತೆಗೆ ಇಳಿದ ಮರಿಬಸಪ್ಪನವರನ್ನು ನೋಡಿ ಅವಳ ಮುಖ ಅರಳಿತು.

"ಅದಕ್ಕ ಹೋಗಿದ್ರಾ ಮಾಸ್ಟರ್? ನಮ್ಮಣ್ಣನ್ನ ಕೊಂದಾಂವ ಸಿಕ್ಕನೇನ್ರಿ?"

ಮರಿಬಸಪ್ಪ ಅವಳ ಕಡೆ ನೋಡಲಾರದೆ ಹೋದರು.

"ಸಿಕ್ಕಾನವ್ವ," ಅಂದರು.

"ನೀವಿದ್ದದ್ದಕ್ಕ ಆತ್ರಿ. ಇಲ್ಲಂದ್ರ ನಮಗ್ಯಾರದಾರ?" ಎನ್ನುತ್ತ ಜಯಶ್ರೀ ಅವರ ಕಾಲು ಮುಟ್ಟಲು ಬಗ್ಗಿದಳು. ಅವರು ಹಿಂದೆ ಸರಿದು, ಗೋಡೆ ಹಿಡಿದು, ಅಂಗಳದ ನೆಲಕ್ಕೆ ಕುಸಿದು ಕೂತರು. ಅವಳು ಗಾಬರಿಯಾಗಿ ನೀರು ತನ್ನಿ ಎಂದು ಕೂಗಿದಳು.

ಸಿದ್ದಲಿಂಗೇಶ್ ಹುಲುಗೇಶನಿಗೆ ಅವರನ್ನು ಒಳಗೆ ಕರೆದೊಯ್ಯಲು ಸನ್ನೆ ಮಾಡಿದರು. ಒಂದು ಕುರ್ಚಿ ತರಿಸಿ ಜಯಶ್ರೀಯನ್ನು ಕೂರಿಸಿ, ತಾವು ಅವಳೆದುರು ಬೆಂಚಿನ ತುದಿಯಲ್ಲಿ ಕೂತು, ಹೇಳಲು ಶುರುಮಾಡಿದರು.