ನಿನ್ನ ಗಾಳಿ ನನಗೆ ಬೇಡ

"ನಿಮ್ಮ ಫ್ರೆಂಡು ಫೋನ್ ಮಾಡಿ ಆರ್ಡರ್ ಬದಲಾಯಿಸಿದರಲ್ಲ?" ಎನ್ನುತ್ತ ಸ್ಯಾನ್ ಮಟಿಯೋದ ಡೈವಿಂಗ್ ಅಂಗಡಿಯವನು ಗಾಳಿ ತುಂಬಿದ ಗೇಣುದ್ದದ ಹಳದಿ ಬಾಟಲಿಯೊಂದನ್ನು ಕೌಂಟರಿನ ಮೇಲಿಟ್ಟ.

ನಿರುಪಮಾಳ ಕಿವಿ ಬಿಸಿಯಾಯಿತು. ಮುಂದಿನ ವಾರ ಸಿಯೆರಾ ಬೆಟ್ಟದ ಸರೋವರವೊಂದರಲ್ಲಿ ಮಂಜುಗಡ್ಡೆಯ ಅಡಿಗೆ ಇಳಿಯಬೇಕಾದವಳು ಅವಳು. ಬೆನ್ನ ಮೇಲಿನ ಸಿಲಿಂಡರ್ ಕೈಕೊಟ್ಟರೆ ಇರಲೆಂದು, ಬಾಯಿಗಿಟ್ಟು ಉಸಿರೆಳೆಯಲು ತನ್ನದೇ ರೆಗ್ಯುಲೇಟರ್ ಇರುವ ಎರಡನೇ ಸಿಲಿಂಡರನ್ನು ಮೂರು ವಾರ ಓದಿ, ವಿಚಾರಿಸಿ ಆರಿಸಿದ್ದಳು. ಅದನ್ನು ಬದಲಾಯಿಸಲು ಕುಶಲ್ ಯಾರು?

ಕುಶಲ್ ಎರಡು ವರ್ಷಗಳಿಂದ ಅವಳ ಡೈವಿಂಗ್ ಜೊತೆಗಾರ. ಮಂಗಳೂರಿನವನು, ಈಗ ಫ್ರೀಮಾಂಟಿನಲ್ಲಿ ಮನೆ. ನಗುವಾಗ ಅವನ ಎಡಗಣ್ಣು ಮೊದಲು ಕಿರಿದಾಗುತ್ತದೆಂಬ ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಅವನೇ ಒಳಗೆ ಬಂದ. ನಗುತ್ತಲೇ ಬಂದ.

"ಏನಿದು ಕುಶಲ್?"

"ದೊಡ್ಡದು ಭಾರ ಆಗ್ತದೆ ಮಾರಾಯ್ತಿ. ಇದು ಸಾಕು. ಹೇಗೂ ನಾನಿದ್ದೇನಲ್ಲ?"

"ಇದರಲ್ಲಿ ಎಷ್ಟು ಉಸಿರಿದೆ ಗೊತ್ತಾ? ಆ ಚಳೀಲಿ, ಆ ಗಾಬರೀಲಿ ಇಪ್ಪತ್ತು ಉಸಿರೂ ಬರಲ್ಲ. ನೆತ್ತಿ ಮೇಲೆ ಐಸು. ನೇರ ಮೇಲೆ ಬರೋ ಹಾಗಿಲ್ಲ, ಹಗ್ಗ ಹಿಡ್ಕೊಂಡು ಐಸಲ್ಲಿ ಕೊರೆದ ತೂತಿನವರೆಗೆ ಬರ್ಬೇಕು."

"ಅದಕ್ಕೇ ಹೇಳಿದ್ದು. ನನ್ನ ಸಿಲಿಂಡರಿನಿಂದ ತಗೊಂಡ್ರಾಯ್ತು."

"ಇಬ್ಬರೂ ಒಂದೇ ರೆಗ್ಯುಲೇಟರಿನಿಂದ ಎಳೆದರೆ ಅದೂ ಹೆಪ್ಪುಗಟ್ಟುತ್ತೆ! ಡೈವಿಂಗ್ ಕ್ಲಾಸಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದೆ, ಏನು ಕೇಳಿಸಿಕೊಳ್ತಿದ್ದೆ?"

"ನಿನ್ನ ನೋಡ್ತಾ ಇದ್ದೆ," ಎಂದ ಮೆಲ್ಲಗೆ.

ಬೇರೆ ದಿನವಾಗಿದ್ದರೆ ಆ ಮಾತಿಗೆ ಅವಳು ಕರಗುತ್ತಿದ್ದಳು. ಇಂದು ಮೈಯೆಲ್ಲ ಉರಿಯಿತು. "ನಾನು ಕೆಲಸ ಮಾಡೋ ಲ್ಯಾಬಲ್ಲಿ ಸ್ಯಾಂಪಲ್ ಇಡೋ ಫ್ರೀಝರಿಗೂ ಬ್ಯಾಕಪ್ ಅಂತ ಇನ್ನೊಂದು ಇಟ್ಟಿರ್ತೀವಿ ಕುಶಲ್. ನನ್ನ ಜೀವಕ್ಕೆ ಬೇಡ್ವಾ? ನನ್ನ ಬೆನ್ನು ಎಷ್ಟು ಹೊರುತ್ತೆ ಅಂತ ನನ್ನನ್ನೇ ಕೇಳ್ಬೇಕು ಅನ್ನಿಸ್ಲಿಲ್ವಾ?"

ಅವನ ನಗು ಆರಿತು.

"ನಿನ್ನ ಬ್ಯಾಕಪ್ ಯಾವುದು?" ಸಟ್ಟನೆ ಕೇಳಿದಳು.

ಅವನು ಇಲ್ಲವೆಂದು ತಲೆಯಾಡಿಸಿದ. ತನಗಾಗಿ ಏನನ್ನೂ ಕೊಂಡಿರಲಿಲ್ಲ.

ಅವಳು ಹಳದಿ ಬಾಟಲಿಯನ್ನು ಅಂಗಡಿಯವನತ್ತ ತಳ್ಳಿ, ತಾನು ಮೊದಲು ಆರಿಸಿದ್ದ ಸಿಲಿಂಡರನ್ನೇ ಎರಡು ಕೊಡಲು ಹೇಳಿದಳು. "ನೀನು ಇದನ್ನ ಕಟ್ಟಿಕೊಳ್ಳದಿದ್ರೆ ನಾನು ಬೇರೆಯವರ ಜೊತೆ ಇಳಿತೀನಿ." ಅವನು ತೆಪ್ಪಗೆ ಹೊತ್ತುಕೊಂಡ. ಆ ವಾರವಿಡೀ ಅವನ ಮೆಸೇಜುಗಳಿಗೆ ಅವಳು ಉತ್ತರಿಸಲಿಲ್ಲ.

ಸರೋವರದಲ್ಲಿ ಇನ್‌ಸ್ಟ್ರಕ್ಟರ್ ಮಂಜುಗಡ್ಡೆ ಕೊರೆದು, ಇಬ್ಬರ ಹಗ್ಗದ ತುದಿ ಹಿಡಿದು ಮೇಲೆ ನಿಂತ. ಕೆಳಗೆ ಹಸಿರು ಬೆಳಕು, ಗಾಜಿನಂಥ ನೀರು. ಅವರು ಇಳಿದು ಹತ್ತು ನಿಮಿಷ ಕಳೆದಿತ್ತು. ಕುಶಲನ ಮುಖದ ಸುತ್ತ ಇದ್ದಕ್ಕಿದ್ದಂತೆ ಗುಳ್ಳೆಗಳು ಭುಸ್ಸೆಂದು ಉಕ್ಕಿದವು. ಅವನ ರೆಗ್ಯುಲೇಟರ್ ಹೆಪ್ಪುಗಟ್ಟಿತ್ತು, ಗಾಳಿಯೆಲ್ಲ ಸೋರಿಹೋಗುತ್ತಿತ್ತು. ಅವಳು ಕಾಲು ಬಡಿದು ಅವನತ್ತ ಈಜಿದಳು. ತಲುಪುವಷ್ಟರಲ್ಲಿ ಅವನು ಪಕ್ಕಕ್ಕೆ ಕಟ್ಟಿದ್ದ ಎರಡನೇ ಸಿಲಿಂಡರಿನ ರೆಗ್ಯುಲೇಟರನ್ನು ಬಾಯಿಗಿಟ್ಟುಕೊಂಡಿದ್ದ. ಒಂದು ಉಸಿರು. ಇನ್ನೊಂದು. ಬೆರಳು ಸುತ್ತಿ 'ಸರಿ' ಎಂದು ತೋರಿಸಿದ. ಅವಳು ಅವನ ತೋಳು ಹಿಡಿದು ಹಗ್ಗದ ಗುಂಟ ಹೊರಟಳು. ತೂತು ತಲುಪುವವರೆಗೂ ಆ ತೋಳು ಬಿಡಲಿಲ್ಲ.

ಮೇಲೆ ಬಂದು ಮಾಸ್ಕ್ ಕಳಚಿದವಳೇ ಅವನ ಭುಜಕ್ಕೆ ಗುದ್ದಿದಳು. "ಇವತ್ತು ಅದು ಇಲ್ಲದಿದ್ರೆ? ಹೇಳು, ಏನು ಮಾಡ್ತಿದ್ದೆ?"

"ನಿನ್ನ ಹತ್ರ ಬರ್ತಿದ್ದೆ," ಎಂದ. ಹಲ್ಲು ಕಟಕಟಿಸುತ್ತಿದ್ದವು. "ತಪ್ಪಾಯ್ತು ನಿರುಪಮಾ. ನಿನಗೆ ನಾನು ಬೇಕಾಗ್ಬೇಕು ಅಂತ ಆಸೆ ಇತ್ತು. ಅದನ್ನು ಬಾಯಿಬಿಟ್ಟು ಹೇಳ್ಲಿಕ್ಕೆ ಧೈರ್ಯ ಇರ್ಲಿಲ್ಲ. ನಿನ್ನನ್ನು ಪ್ರೀತಿಸ್ತೇನೆ ಮಾರಾಯ್ತಿ. ಮದುವೆ ಆಗ್ತೀಯಾ?"

ಅವಳು ಏನೋ ಹೇಳಹೋದಳು. ಚಳಿಗೆ ತುಟಿಗಳು ಮರಗಟ್ಟಿ, 'ಹೂಂ' ಎಂಬ ಸದ್ದಷ್ಟೇ ಹೊರಟಿತು. ಇನ್‌ಸ್ಟ್ರಕ್ಟರ್ ಇಬ್ಬರಿಗೂ ಕಂಬಳಿ ಹೊದಿಸಿದ. ಕುಶಲ್ ಅವಳ ಕೆನ್ನೆಗಳನ್ನು ಅಂಗೈಗಳಲ್ಲಿ ಹಿಡಿದು ಬೆಚ್ಚಗೆ ಮಾಡತೊಡಗಿದ.

"ಖುಷಿಪಡಬೇಡ," ಎಂದಳು ಅವಳು ಕಷ್ಟಪಟ್ಟು. "ತುಟಿಗೆ ಜೀವ ಬರಲಿ. ಬೈಯೋದು ಇನ್ನೂ ಮುಗಿದಿಲ್ಲ."