ಸೀಸವಿಲ್ಲದ ಪೆಟ್ರೋಲು, ಲೋಟದಲ್ಲೊಂದು ಹಲ್ಲು

ಮೇಸ್ತ್ರಿ ಎಸೆದ ಬಾಟಲಿ ಹಲ್ಲಿನ ಡಾಕ್ಟರ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿದು ಚೂರಾಯಿತು. ಗುರಿ ತಪ್ಪಿತೆಂದು ಯಾರೂ ತಿಳಿಯಬೇಕಿಲ್ಲ. ತಲೆಗೇ ಹೊಡೆಯಬೇಕೆಂದಿದ್ದರೆ ತಲೆಗೇ ಬೀಳುತ್ತಿತ್ತು, ಅವಳ ಕೈ ಅಂಥದ್ದು.

"ಸೀಲೇ ಒಡೆದಿಲ್ಲ!" ಎಂದು ಕಿರುಚಿದಳು. "ಪೆಟ್ರೋಲ್ ಹಾಕಿಸಿದಾಗೆಲ್ಲ ಒಂದು ಮುಚ್ಚಳ ಬೆರೆಸಿ ಅಂತ ನಾನೇ ಕೈಯಾರೆ ಕೊಟ್ಟಿದ್ದು. ಡಿಕ್ಕೀಲಿ ಹಾಗೇ ಬಿದ್ದಿದೆ. ಮ್ಯೂಸಿಯಮ್ಮಿಗೆ ಇಟ್ಟಿದ್ರಾ?"

ಡಾಕ್ಟರ್ ಕಿವಿ ಮುಟ್ಟಿ ನೋಡಿಕೊಂಡ. ಇನ್ನೂ ಇತ್ತು.

"ಮರೆತೆ, ಮೇಸ್ತ್ರಿ."

ಸುಳ್ಳು. ಮುಖ ನೋಡಿದರೇ ಗೊತ್ತಾಗುವಂಥ ಸುಳ್ಳು.

ಆ ಶೆಡ್ಡಿನಲ್ಲಿ ಮೇಸ್ತ್ರಿ ಎಂದರೆ ಅವಳೇ. ಅಪ್ಪ ಬಿಟ್ಟುಹೋದ ಜಾಗವನ್ನು ಅಣ್ಣ ತಂಗಿ ಹಂಚಿಕೊಂಡ ಬಗೆ ಹೀಗೆ: ಇಂಜಿನ್ ಅವಳದು, ತಗಡು ಮತ್ತು ಜಗಳ ಅವನದು. ನಜ್ಜುಗುಜ್ಜಾದ ಬಾಗಿಲುಗಳನ್ನು ಬಡಿದು ನೆಟ್ಟಗೆ ಮಾಡುವುದು ಅಣ್ಣನ ಕಸುಬು. ನೆಟ್ಟಗಿದ್ದವರನ್ನು ಬಡಿದು ಸೊಟ್ಟ ಮಾಡುವುದು ಹವ್ಯಾಸ. ಹೋದ ವರ್ಷ ಸ್ಪೇರ್ ಪಾರ್ಟ್ಸ್ ಅಂಗಡಿಯವನೊಬ್ಬ ಅವಳ ಜೊತೆ ಎರಡು ಮಾತು ಹೆಚ್ಚಿಗೆ ಆಡಿದ್ದಕ್ಕೆ, ಅವನ ಬೆರಳುಗಳನ್ನು ಕಾರಿನ ಬಾಗಿಲ ಸಂದಿಗಿಟ್ಟು ಬಾಗಿಲು ಹಾಕಿದ್ದ. ಆ ಹುಡುಗ ಮತ್ತೆ ಈ ಬೀದಿಗೆ ಕಾಲಿಡಲಿಲ್ಲ. ಇಂದಿಗೂ ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಅವಳು ತನ್ನ ಬೆರಳುಗಳನ್ನು ಮುಷ್ಟಿಯೊಳಗೆ ಮಡಿಚಿಕೊಳ್ಳುತ್ತಿದ್ದಳು.

ಡಾಕ್ಟರ್ ಮೊದಲ ಸಲ ಬಂದದ್ದು ತನ್ನ ತಾತನ ಕಾರಿನಲ್ಲಿ. ಉಬ್ಬುಗಣ್ಣಿನ ದೀಪಗಳು, ಕಬ್ಬಿಣದ ಬೀರುವಿನಷ್ಟು ಭಾರದ ಬಾಗಿಲುಗಳು. ಅವಳು ಬಾನೆಟ್ ಎತ್ತಿ ಕಿವಿಗೊಟ್ಟು ಕೇಳಿ ತಲೆಯಾಡಿಸಿದ್ದಳು.

"ನಿಮ್ಮ ತಾತನ ಕಾಲದ ಪೆಟ್ರೋಲಲ್ಲಿ ಸೀಸ ಇರ್ತಿತ್ತು ಡಾಕ್ಟ್ರೇ. ವಾಲ್ವ್ ಬಂದು ತಾನು ಕೂರೋ ಕಬ್ಬಿಣದ ಸೀಟಿಗೆ ಬಡಿಯುವಾಗ ಮಧ್ಯೆ ಮೆತ್ತಗೆ ಒಂದು ಪದರ ಕೂತಿರ್ತಿತ್ತು. ಸೀಸ ವಿಷ ಅಂತ ತೆಗೆದ್ರು, ತೆಗೆದಿದ್ದು ಒಳ್ಳೇದೇ. ಆದ್ರೆ ಅದನ್ನ ಈ ಇಂಜಿನ್‌ಗೆ ಯಾರೂ ಹೇಳಿಲ್ವಲ್ಲ. ಬರೀ ಕಬ್ಬಿಣಕ್ಕೆ ಬಡಿದು ಬಡಿದು, ಕಚ್ಚಿ ಕಚ್ಚಿ, ವಾಲ್ವ್ ಒಳಗೆ ಇಳೀತಾ ಹೋಗುತ್ತೆ."

"ನಮ್ಮಲ್ಲಿ ವಸಡು ಸವೆಯೋ ಹಾಗೆ."

"ಹಾಗೇ ಅಂದ್ಕೊಳ್ಳಿ. ಹಳೇ ಸೀಟು ಕೊರೆದು ಗಟ್ಟಿ ಉಕ್ಕಿನ ಉಂಗುರ ಕೂರಿಸಿದ್ರೆ ಮುಗೀತು. ಮತ್ತೆ ನೀವು ಇದಕ್ಕೆ ಬರೋದೇ ಬೇಡ."

ಆ ಕೊನೆಯ ಮಾತಿಗೆ ಅವನ ಮುಖ ಏಕೆ ಸಪ್ಪಗಾಯಿತೋ ಅವಳಿಗೆ ಆಗ ತಿಳಿಯಲಿಲ್ಲ. "ಸದ್ಯಕ್ಕೆ ಟ್ಯಾಪೆಟ್ ಅಡ್ಜಸ್ಟ್ ಮಾಡಿಬಿಡಿ," ಎಂದಿದ್ದ. ಸೀಸದ ಬದಲಿಗೆ ಪೆಟ್ರೋಲಿಗೆ ಬೆರೆಸಲೆಂದು ಅವಳು ಆ ಬಾಟಲಿ ಕೊಟ್ಟಿದ್ದಳು.

ಅಲ್ಲಿಂದ ಶುರುವಾಯಿತು. ವಾಲ್ವ್ ಇಳಿದಂತೆಲ್ಲ ಅದನ್ನು ತಳ್ಳುವ ಟ್ಯಾಪೆಟ್ಟಿನ ಸಂದು ಮುಚ್ಚಿಕೊಳ್ಳುತ್ತಿತ್ತು, ಅವನು ಬರುತ್ತಿದ್ದ. ಅವಳು ತೆಳ್ಳನೆಯ ಗೇಜ್ ತೂರಿಸಿ ಸಂದು ಸರಿಮಾಡುತ್ತಿದ್ದರೆ ಅವನು ಟಾರ್ಚ್ ಹಿಡಿದು ನಿಲ್ಲುತ್ತಿದ್ದ. ಬೆಳಕು ಮಾತ್ರ ಇಂಜಿನ್ ಬಿಟ್ಟು ಅವಳ ಕೆನ್ನೆಯ ಗ್ರೀಸಿನ ಮೇಲೆ ಬಂದು ಕೂರುತ್ತಿತ್ತು.

"ಡಾಕ್ಟ್ರೇ, ಟ್ಯಾಪೆಟ್ ಅಲ್ಲಿದೆ."

"ಗೊತ್ತು."

"ಮತ್ತೆ?"

"ಕೈ ನಡುಗಿತು."

ಬೇರೆಯವರ ಬಾಯೊಳಗೆ ಸೂಜಿ ಆಡಿಸುವ ಕೈ ನಡುಗುವುದುಂಟೇ! ಅವಳು ತುಟಿ ಕಚ್ಚಿ ನಗು ನುಂಗುತ್ತಿದ್ದಳು. ಶೆಡ್ಡಿನ ಹಿಂಭಾಗದಲ್ಲಿ ಅಣ್ಣನ ಸುತ್ತಿಗೆಯ ಸದ್ದು ಕೇಳುತ್ತಿರುವಷ್ಟು ಹೊತ್ತು ಧೈರ್ಯ. ಆ ಸದ್ದು ನಿಂತರೆ ಅವಳ ಕಣ್ಣು ತಾನಾಗಿ ಡಾಕ್ಟರ ಉದ್ದನೆಯ ಬೆರಳುಗಳ ಮೇಲೆ ಹೋಗುತ್ತಿತ್ತು. ಈ ಬೆರಳುಗಳಿಗೆ ಏನಾದರೂ ಆದರೆ ತಾನು ಬದುಕುವುದು ಹೇಗೆ?

ಇವತ್ತು ಸಂದು ಪೂರ್ತಿ ಮುಚ್ಚಿಹೋಗಿತ್ತು. ಊರೊಳಗೆ ಮೆಲ್ಲಗೆ ಓಡಾಡುವ ಕಾರಿಗೆ ಇಷ್ಟು ಬೇಗ ಹೀಗಾಗದು. ಅನುಮಾನ ಬಂದು ಡಿಕ್ಕಿ ತೆಗೆದರೆ ಸೀಲೊಡೆಯದ ಬಾಟಲಿ.

"ಹೈವೇಲಿ ಎಕ್ಸಲರೇಟರ್ ತುಳಿದು ಓಡ್ಸಿದೀರಿ. ಬೇಕಂತಲೇ," ಎಂದಳು. "ಬಾಯಿಲ್ಲದ ವಸ್ತು ಅಂತ ಹೀಗೆ ಹೊಡೆದು ಸಾಯಿಸ್ತೀರಾ? ನಮ್ಮಣ್ಣನಿಗೂ ನಿಮಗೂ ಏನು ವ್ಯತ್ಯಾಸ?"

ಬಾಟಲಿ ತಪ್ಪಿತ್ತು, ಈ ಮಾತು ತಪ್ಪಲಿಲ್ಲ. ಅವನು ಬಿಳಿಚಿಕೊಂಡ.

"ಹೌದು, ಬೇಕಂತಲೇ," ಎಂದ. "ಭಾನುವಾರ ಬಂದ್ರೆ ಅದೇ ಕೆಲಸ. ಇದು ಹಾಳಾಗದಿದ್ರೆ ನಾನಿಲ್ಲಿಗೆ ಏನಂತ ಬರಲಿ ಮೇಸ್ತ್ರಿ? ನಿಮ್ಮ ಹಲ್ಲು ನೋಡಿದ್ರೆ ಒಂದೂ ಹುಳುಕಿಲ್ಲ."

ಅವಳು ಎಸೆಯಲೆಂದು ಸ್ಪ್ಯಾನರ್ ಎತ್ತಿಕೊಂಡಿದ್ದಳು. ಅದು ಕೈಯಲ್ಲೇ ಉಳಿಯಿತು. ಕಿವಿಯವರೆಗೂ ಕೆಂಪೇರಿತು. ತಾತನ ಕಾರನ್ನೇ ಕೊಲ್ಲಲು ಹೊರಟ ಈ ಹುಚ್ಚನನ್ನು ಬಡಿಯಬೇಕೋ ತಬ್ಬಿಕೊಳ್ಳಬೇಕೋ ತೋಚದೆ ನಿಂತಳು. ಸುತ್ತಿಗೆಯ ಸದ್ದು ನಿಂತದ್ದು ಆಗಲೇ ಅವಳ ಗಮನಕ್ಕೆ ಬಂತು.

"ಓಹೋ," ಎಂದ ಅಣ್ಣ, ಬಾಗಿಲ ಬಳಿ ನಿಂತು. "ಟ್ಯಾಪೆಟ್ ಕೆಲಸ ಇದೇನಾ?"

"ಅಣ್ಣ, ನೀನು ಒಳಗೆ ಹೋಗು."

"ಹಲ್ಲು ಉದುರಿಸಿಬಿಡ್ತೀನಿ ಅಂತ ಎಲ್ಲರಿಗೂ ಹೇಳ್ತಿದ್ದೆ. ಹಲ್ಲಿನ ಡಾಕ್ಟ್ರೇ ಸಿಗ್ತಾರೆ ಅಂದ್ಕೊಂಡಿರಲಿಲ್ಲ."

ಮುಷ್ಟಿ ಬಿದ್ದ ಸದ್ದಿಗೆ ಮಾಡಿನ ಪಾರಿವಾಳಗಳು ಎದ್ದುಹೋದವು. ಡಾಕ್ಟರ್ ಬಾನೆಟ್ಟಿಗೆ ಒರಗಿ ಜಾರಿದ. ರಕ್ತದ ಜೊತೆ ಏನೋ ಬೆಳ್ಳಗೆ ನೆಲದ ಮೇಲೆ ಪುಟಿದು ಹೋಯಿತು. ಅವನು ಏಳುವಷ್ಟರಲ್ಲಿ ಹೊಟ್ಟೆಗೆ ಮೊಣಕಾಲು ಬಿತ್ತು. ಅಣ್ಣ ಅವನ ಬಲಗೈ ಹಿಡಿದು ದರದರನೆ ಎಳೆದು, ಬೆರಳುಗಳನ್ನು ಹರಡಿ ಕಾರಿನ ಬಾಗಿಲ ಚೌಕಟ್ಟಿನ ಮೇಲೆ ಅದುಮಿಟ್ಟ. ಇನ್ನೊಂದು ಕೈ ಆ ಬೀರುವಿನಂಥ ಬಾಗಿಲಿನ ಮೇಲಿತ್ತು.

ಜ್ಯಾಕಿ ರಾಡು ಅವಳ ಕೈಗೆ ಹೇಗೆ ಬಂತೋ ಅವಳಿಗೇ ಗೊತ್ತಿಲ್ಲ.

"ಆ ಕೈ ಬಿಡು ಅಣ್ಣ," ಎಂದಳು. "ಅದು ನನಗೆ ಬೇಕು."

ಅಣ್ಣ ನಕ್ಕು ಬಾಗಿಲು ಬೀಸಹೊರಟ. ಅದಕ್ಕಿಂತ ಮುಂಚೆ ಅವಳು ರಾಡು ಬೀಸಿದಳು. ಅಣ್ಣನ ಮೊಣಕೈಯ ಕೆಳಗೆ ಮೂಳೆ ಲಟ್ಟೆಂದಿತು. ಅವನು ಕೂಗುತ್ತ ಮಡಿಚಿಕೊಂಡು ಬಿದ್ದ. ಅವಳು ರಾಡನ್ನು ಮತ್ತೆ ತಲೆಯ ಮೇಲಕ್ಕೆ ಎತ್ತಿದ್ದಳು. ಸ್ಪೇರ್ ಪಾರ್ಟ್ಸ್ ಅಂಗಡಿಯ ಹುಡುಗನ ಬೆರಳುಗಳ ಸಿಟ್ಟೆಲ್ಲ ಆ ರಾಡಿನಲ್ಲಿತ್ತು.

"ಮೇಸ್ತ್ರಿ," ಎಂದ ಡಾಕ್ಟರ್, ಬಾಯ್ತುಂಬ ರಕ್ತ. "ಅದು ಬಿಡಿ. ನನ್ನ ಹಲ್ಲು ಹುಡುಕಿ."

ರಾಡು ಕೆಳಗಿಳಿಯಿತು. ಆ ಕ್ಷಣದಲ್ಲೂ ಹಲ್ಲೆನ್ನುವ ಮನುಷ್ಯನ ಮೇಲೆ ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ನೆಲದಲ್ಲಿ ತಡಕಾಡಿದಳು.

"ಬೇರು ಮುಟ್ಟಬೇಡಿ. ಹಾಲಲ್ಲಿ ಹಾಕಿ. ಬೇಗ ಕೂರಿಸಿದ್ರೆ ಹಿಡಿದುಕೊಳ್ಳುತ್ತೆ."

ಟೀಗೆಂದು ಇಟ್ಟಿದ್ದ ಹಾಲು ಸ್ಟೀಲ್ ಲೋಟಕ್ಕೆ ಬಿತ್ತು, ಹಲ್ಲೂ ಬಿತ್ತು. ಎದುರಿನ ಟೈರ್ ಅಂಗಡಿಯವರಿಗೆ ಅಣ್ಣನನ್ನು ಆಸ್ಪತ್ರೆಗೆ ಸಾಗಿಸಲು ಕೂಗಿ ಹೇಳಿ, ಅವಳು ತಾತನ ಕಾರು ಹತ್ತಿದಳು. ಇಂಜಿನ್ ಎಗರೆಗರಿ ಕೆಮ್ಮುತ್ತ, ಸೈಲೆನ್ಸರಿನಿಂದ ಗುಂಡು ಹಾರಿಸುತ್ತ ಓಡಿತು. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕದಲ್ಲಿ ಕೂತಿದ್ದ. ಎರಡೂ ಕೈಯಲ್ಲಿ. ಅವಳು ಮತ್ತೆ ಮತ್ತೆ ಅದನ್ನೇ ನೋಡಿದಳು.

ಕ್ಲಿನಿಕ್ಕಿನಲ್ಲಿ ಅವನಿಗೆ ಕೆಲಸ ಕಲಿಸಿದ ಹಿರಿಯ ಡಾಕ್ಟರಮ್ಮ ಹಲ್ಲನ್ನು ಗೂಡಿಗೆ ಒತ್ತಿ ಕೂರಿಸಿ, ಪಕ್ಕದ ಹಲ್ಲುಗಳಿಗೆ ತಂತಿ ಬಿಗಿದು, "ಸ್ವಲ್ಪ ದಿನ ಬಾಯಿಗೆ ಬೀಗ," ಎಂದರು. ಅವಳು ಕೊನೆಯವರೆಗೂ ಅವನ ತಲೆ ಹಿಡಿದು ನಿಂತಿದ್ದಳು.

ಮರುದಿನ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಅಣ್ಣನಿಗೆ ಒಂದೇ ಮಾತು ಹೇಳಿದಳು: "ಇನ್ನು ಯಾರ ಮೇಲೆ ಕೈ ಎತ್ತಿದ್ರೂ ಆ ಇನ್ನೊಂದು ಕೈಯೂ ಹೋಗುತ್ತೆ. ಆಮೇಲೆ ಪೊಲೀಸ್ರನ್ನ ನಾನೇ ಕರೀತೀನಿ." ನೋವೆಂದರೇನೆಂದು ಮೊದಲ ಸಲ ತಿಳಿದವನಂತೆ ಅವನು ತಲೆ ತಗ್ಗಿಸಿದ. ಅವಳಿಗೆ ಅಯ್ಯೋ ಎನಿಸಿತು. ತಪ್ಪು ಮಾಡಿದೆ ಎನಿಸಲಿಲ್ಲ.

ತಾತನ ಕಾರಿನ ಇಂಜಿನ್ನಿನ ಹೆಡ್ ಬಿಚ್ಚಿದಳು. ಸವೆದ ಸೀಟುಗಳನ್ನು ಕೊರೆದು ತೆಗೆದಳು. ಗಟ್ಟಿ ಉಂಗುರಗಳನ್ನು ಒಂದೊಂದಾಗಿ ಬಡಿದು ಕೂರಿಸಿದಳು. ಅವನನ್ನು ಕೇಳಲಿಲ್ಲ.

ಕಾರು ಒಯ್ಯಲು ಬಂದವನಿಗೆ ಕೀ ಕೊಟ್ಟಳು. "ಇನ್ನು ಸೀಸ ಇಲ್ಲದ ಪೆಟ್ರೋಲಿಗೆ ಇದು ಜಗ್ಗಲ್ಲ. ಹೇಗೆ ಬೇಕಾದ್ರೂ ಓಡ್ಸಿ. ವಾಲ್ವ್ ಇಳಿಯಲ್ಲ. ಇದರ ನೆಪ ಇಲ್ಲಿಗೆ ಮುಗೀತು."

ಅವನ ಮುಖ ಮೊದಲ ದಿನದಂತೆಯೇ ಸಪ್ಪಗಾಯಿತು. ಕೀ ನೋಡುತ್ತ ನಿಂತ. "ಹಾಗಾದ್ರೆ ನಾಳೆ?"

"ನಾಳೆ ಕಾರು ಮನೇಲಿ ಬಿಟ್ಟು ಬಾ."

ಅವನು ತಲೆಯೆತ್ತಿದ. ತಂತಿ ಕಾಣುವಷ್ಟು ಅಗಲವಾಗಿ ಬಾಯಿ ತೆರೆಯಿತು.

"ನಗಬೇಡ. ಆ ಹಲ್ಲು ಅಲ್ಲಾಡಿದ್ರೆ ನಾನೇ ಹೊಡೀತೀನಿ," ಎಂದು ಅವಳು ಅವನ ಬಲಗೈಯನ್ನು ತನ್ನ ಗ್ರೀಸ್ ಕೈಯೊಳಗೆ ತೆಗೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಿಚಿ ಬಿಡಿಸಿ ನೋಡಿದಳು. ಎಲ್ಲವೂ ಇದ್ದವು.